ನೀರು ಹದಕ್ಕೆ ಬರುವ ತನಕ

ಔರಾದದ ತವರುಮನೆಯಲ್ಲಿ ಎರಡೂವರೆ ತಿಂಗಳು ಕಳೆದು ಮಹಾಮಾಯಾ ಭಾಲ್ಕಿಗೆ ಮರಳಿದ ದಿನ, ತೊಟ್ಟಿಲು ಇಡಲೆಂದು ಖಾಲಿ ಬಿಟ್ಟಿದ್ದ ಪಡಸಾಲೆಯ ಮೂಲೆಯಲ್ಲಿ ಎರಡಡಿ ಉದ್ದದ ಗಾಜಿನ ಟಾಂಕಿಯೊಂದು ಕೂತಿತ್ತು. ಒಳಗೆ ಬಿಳಿ ಮರಳು, ತೂತುತೂತಾದ ನಾಲ್ಕು ಕಲ್ಲು, ಕಲ್ಲು ಮುಳುಗುವಷ್ಟು ನೀರು. ಮೀನು ಒಂದೂ ಇರಲಿಲ್ಲ.

"ಇದೇನ್ರಿ?" ಎಂದಳು, ಕೈಯಲ್ಲಿದ್ದ ಚೀಲ ಕೆಳಗಿಡದೆ.

"ಸಮುದ್ರದ ನೀರಿನ ಟಾಂಕಿ," ಎಂದ ಗಂಡ ಸುಶೀಲಕುಮಾರ. "ಬೀದರದಾಗ ಶರಫೋದ್ದೀನ ಭಾಯಿ ಅಂಗಡಿಯಿಂದ ತಂದೀನಿ. ಉಪ್ಪ ಬ್ಯಾರೆ ಬರ್ತದ, ಅದರದೇ ನೀರು ಮಾಡಬೇಕು."

"ಮೀನ ಎಲ್ಲವ?"

"ಈಗೇ ಬಿಡ್ಲಾಕ ಬರಲ್ಲ. ನೀರು ಹದಕ್ಕ ಬರಬೇಕು. ಒಂದೂವರಿ ತಿಂಗಳು ಹಿಡಿತದ."

ಅಷ್ಟಕ್ಕೇ ಮಾತು ಮುಗಿಯಿತು. ಜುಲೈಯಲ್ಲಿ, ಒಂಬತ್ತು ತಿಂಗಳು ತುಂಬಿದ ಮೇಲೆ, ಅವರ ಹೆಣ್ಣುಕೂಸು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಬೀದರದ ಆಸ್ಪತ್ರೆಯೊಂದರಲ್ಲಿ ಹೊಟ್ಟೆ ಕೊಯ್ದು ತೆಗೆದರು. ಮಹಾಮಾಯಾಳಿಗೆ ಎಚ್ಚರ ಬರುವಷ್ಟರಲ್ಲಿ ಸುಶೀಲಕುಮಾರ ಮತ್ತು ಸಾಯಗಾಂವದಲ್ಲಿ ಹೊಲ ನೋಡಿಕೊಂಡಿದ್ದ ಅವನ ಅಪ್ಪ ಕಾಶೀರಾಮ ಕೂಸನ್ನು ಒಯ್ದು ಮಣ್ಣು ಮಾಡಿ ಬಂದಾಗಿತ್ತು. ಅವಳು ಮುಖ ಕೂಡ ನೋಡಲಿಲ್ಲ. "ನೋಡಿದ್ರ ಮರಿಲಾಕ ಆಗಲ್ಲ, ನೋಡೋದು ಬ್ಯಾಡ ಅಂತೇ ಒಯ್ದರು ಮಗಳೆ," ಎಂದು ಅತ್ತೆ ಕೌಸಲ್ಯಾಬಾಯಿ ತಲೆ ಸವರಿದ್ದಳು. ಎದೆಹಾಲು ಮಾತ್ರ ಎಂಟು ದಿನ ಬರುತ್ತಲೇ ಇತ್ತು. ಅದಕ್ಕೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ.

ಸಮುದ್ರವೇ ಯಾಕೆ ಎಂದು ಅವಳು ಕೇಳಬೇಕಾಗಿರಲಿಲ್ಲ. ಹಿಂದಿನ ಡಿಸೆಂಬರ್ ಆರಕ್ಕೆ ಇಬ್ಬರೂ ಮುಂಬೈಗೆ ಹೋಗಿ, ಸಾಲಿನಲ್ಲಿ ತಾಸುಗಟ್ಟಲೆ ನಿಂತು ಚೈತ್ಯಭೂಮಿಯ ದರ್ಶನ ಮಾಡಿಕೊಂಡು, ಅಲ್ಲೇ ದಾದರಿನ ದಂಡೆಗೆ ಇಳಿದಿದ್ದರು. ಇಬ್ಬರೂ ಸಮುದ್ರ ಕಂಡಿದ್ದು ಅದೇ ಮೊದಲು. ಅವಳಿಗೆ ಆಗ ಎರಡು ತಿಂಗಳು. ಪಾದಕ್ಕೆ ನೀರು ತಾಕಿದಾಗ ಸೀರೆ ಎತ್ತಿ ಹಿಡಿದು, "ಇದಕ್ಕೂ ತೋರಿಸ್ಬೇಕ್ರಿ," ಎಂದು ಹೊಟ್ಟೆ ಮುಟ್ಟಿಕೊಂಡಿದ್ದಳು.

ಸುಶೀಲಕುಮಾರ ಭಾಲ್ಕಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವನು. ಸಂಜೆ ಮನೆಗೆ ಬಂದವನೇ ಕೈಕಾಲು ತೊಳೆದು ಟಾಂಕಿಯ ಮುಂದೆ ಕೂಡುತ್ತಿದ್ದ. ಗಾಜಿನ ನಳಿಗೆಗೆ ಸ್ವಲ್ಪ ನೀರು ತೆಗೆದು, ಔಷಧದ ಹನಿ ಹಾಕಿ ಅಲುಗಿಸಿ, ಐದು ನಿಮಿಷ ಕಾಯ್ದು, ಬಿಳಿ ಕಾಗದಕ್ಕೆ ಹಿಡಿದು ಬಣ್ಣ ನೋಡುತ್ತಿದ್ದ. ಹಸಿರು ಬಂದರೆ ಅಮೋನಿಯಾ ಎಂಬ ವಿಷ ಇದೆ ಎಂದು. ಒಂದು ದಿನ ಅವಳು ಚಹಾ ತಂದಿಟ್ಟಾಗ ತಾನಾಗಿಯೇ ಹೇಳಿದ:

"ಮೊದಲ್ನೇ ದಿನ ಒಂದು ಸಿಗಡಿ ತುಣುಕು ಹಾಕೀನಿ. ಅದು ಕೊಳೆತು ನೀರು ವಿಷ ಆಗ್ತದ. ಆ ವಿಷ ತಿನ್ನೋ ಜೀವ ಕಲ್ಲಿನ ತೂತಿನ್ಯಾಗ ಹುಟ್ತಾವ, ಕಣ್ಣಿಗಿ ಕಾಣಲ್ಲ. ಅವು ಇನ್ನೊಂದು ವಿಷ ಬಿಡ್ತಾವ. ಅದಕ್ಕ ತಿನ್ಲಾಕ ಮತ್ತೊಂದು ಜಾತಿ ಹುಟ್ಟಬೇಕು. ಎರಡೂ ಸೊನ್ನಿಗಿ ಬಂದ ಮ್ಯಾಲೇ ಮೀನ."

ಆಸ್ಪತ್ರೆಯಿಂದ ಬಂದ ಮೇಲೆ ಅವನು ಅವಳ ಮುಂದೆ ಇಷ್ಟುದ್ದ ಮಾತಾಡಿದ್ದು ಅದೇ ಮೊದಲು. ಅವಳು ಹೂಂ ಎಂದು ಒಳಗೆ ಹೋಗಿ, ಖಾಲಿ ತಟ್ಟೆ ಹಿಡಿದು ಒಲೆಯ ಮುಂದೆ ಸುಮ್ಮನೆ ನಿಂತಳು. ನೀರಿನ ಬಗ್ಗೆ ಹೇಳಲಿಕ್ಕೆ ಈ ಮನುಷ್ಯನ ಹತ್ತಿರ ಇಷ್ಟು ಮಾತಿವೆಯಲ್ಲ, ನನ್ನ ಕೂಡ ಆಡಲಿಕ್ಕೆ ಒಂದೂ ಇಲ್ಲವಲ್ಲ. ಕರೆಂಟು ಹೋದರೆ ಲ್ಯಾಬಿನಿಂದ ಫೋನು ಬರುತ್ತಿತ್ತು: "ಇನ್ವರ್ಟರ್ ಚಾಲೂ ಆಯ್ತಾ? ಪಂಪು ನಡ್ಯಾಕತ್ತದಾ?" ನೀ ಊಟ ಮಾಡಿದಿಯಾ ಎಂದು ಬರುತ್ತಿರಲಿಲ್ಲ. ರವಿವಾರ ಬೆಳಿಗ್ಗೆ, ಆವಿಯಾಗಿ ಆರಿದಷ್ಟು ನೀರಿನ ಬದಲಿಗೆ ಫಿಲ್ಟರಿನ ಸಪ್ಪೆ ನೀರು ಸುರಿಯುತ್ತ ಹೇಳುತ್ತಿದ್ದ, "ಆರೋದು ನೀರಷ್ಟೇ. ಉಪ್ಪು ಎಲ್ಲೂ ಹೋಗಲ್ಲ."

ಟಾಂಕಿ ತುಂಬಿ ಇಪ್ಪತ್ತೈದನೇ ದಿನ, ಶನಿವಾರ, ಅವಳು ಒಬ್ಬಳೇ ಬೀದರಕ್ಕೆ ಡಾಕ್ಟರಿಗೆ ತೋರಿಸಲು ಹೋದಳು. ಹೊಲಿಗೆ ಚೆನ್ನಾಗಿ ಮಾಗಿದೆ ಎಂದರು ಡಾಕ್ಟರಮ್ಮ. ಆರೇಳು ತಿಂಗಳು ಕಾಯಿರಿ, ಆಮೇಲೆ ಮತ್ತೆ ನೋಡೋಣ ಎಂದರು. ಕಾಯಬೇಕು. ಮನೆಯಲ್ಲೂ ಅದೇ ಮಾತು, ಇಲ್ಲೂ ಅದೇ. ಬಸ್‌ಸ್ಟ್ಯಾಂಡಿಗೆ ಹೋಗುವವಳು ಆಟೋದವನಿಗೆ ಮೀನಿನ ಅಂಗಡಿಯ ದಾರಿ ಹೇಳಿದಳು.

ಶರಫೋದ್ದೀನ ಒಳ್ಳೆಯ ಮನುಷ್ಯ. ಬಲೆ ಕೈಯಲ್ಲಿ ಹಿಡಿದೇ ಕೇಳಿದ, "ಟಾಂಕಿ ತಯಾರ್ ಆಗ್ಯಾದೇನ್ರಿ ಬಾಯಿ? ಅಮೋನಿಯಾ ಸೊನ್ನಿ ಅದಾ?"

"ಆಗ್ಯಾದ್ರಿ. ಸೊನ್ನಿ ಅದ," ಎಂದಳು.

ಕೇಸರಿ ಮೈಗೆ ಬಿಳಿ ಪಟ್ಟೆಯ ಎರಡು ಮೀನು, ಗಾಳಿ ತುಂಬಿದ ಚೀಲದಲ್ಲಿ. ಭಾಲ್ಕಿಯ ಬಸ್ಸಿನಲ್ಲಿ ಆ ಚೀಲವನ್ನು ತೊಡೆಯ ಮೇಲಿಟ್ಟು, ಕುಲುಕಬಾರದೆಂದು ಎರಡೂ ಕೈಯಿಂದ ಹೊಟ್ಟೆಗೆ ಆನಿಸಿಕೊಂಡು ಕೂತಳು. ಪಕ್ಕದಲ್ಲಿ ಕೂತಿದ್ದ ಮುದುಕಿ ಬಗ್ಗಿ ನೋಡಿ, "ಏಟು ಛಂದ ಅವ ಯವ್ವಾ! ಯಾರಿಗಿ?" ಎಂದಳು.

"ನನ್ನ ಮಗಳಿಗಿ," ಎಂದಳು ಮಹಾಮಾಯಾ. ಹೇಳಿದ ಮೇಲೆ ಕಿಟಕಿಯ ಕಡೆ ತಿರುಗಿದವಳು ಊರು ಬರುವ ತನಕ ಮುಖ ಈಚೆ ಮಾಡಲಿಲ್ಲ.

ಸುಶೀಲಕುಮಾರ ಸಂಜೆ ಬಂದಾಗ ಮೀನುಗಳು ಕಲ್ಲಿನ ಸುತ್ತ ತಿರುಗುತ್ತಿದ್ದವು. ಅವನು ಬಾಗಿಲಲ್ಲೇ ನಿಂತ. ಓಡಿ ನಳಿಗೆ ತೆಗೆದು ಹನಿ ಹಾಕಿದ. ಕಡುಹಸಿರು.

"ವಿಷ ಇನ್ನಾ ಇಳ್ದಿಲ್ಲ! ಹೇಳಿದ್ದಿಲ್ಲಾ ನಾನು?" ಎಂದು ಚೀರಿದ. "ಇವಕ್ಕ ಕೊಂದೆಲ್ಲ ನೀನು!"

ಅವಳು ಗೋಡೆಗೆ ಒರಗಿ ನಿಂತಳು. ಮದುವೆಯಾದ ಮೇಲೆ ಅವನು ಅವಳ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಅವನು ಬಕೆಟ್ಟಿನಲ್ಲಿ ಹೊಸ ಉಪ್ಪುನೀರು ಕಲಸಿದ, ಅರ್ಧ ಟಾಂಕಿ ಬದಲಿಸಿದ, ಶರಫೋದ್ದೀನನಿಗೆ ಫೋನು ಹಚ್ಚಿ ಏನೇನೋ ಕೇಳಿದ. ಏನು ಮಾಡಿದರೂ ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಿಡುತ್ತಲೇ ಇದ್ದವು. ರವಿವಾರ ಬೆಳಿಗ್ಗೆ ಎದ್ದಾಗ ಒಂದು ಮರಳಿನ ಮೇಲೆ ಬಿದ್ದಿತ್ತು. ಹತ್ತು ಗಂಟೆಗೆ ಇನ್ನೊಂದೂ ಹೋಯಿತು.

ಅವನು ಎರಡನ್ನೂ ಪೇಪರಿನಲ್ಲಿ ಸುತ್ತಿಕೊಂಡು ಹಿತ್ತಲಿಗೆ ಹೊರಟ. ಅವಳು ಎದ್ದದ್ದನ್ನು ನೋಡಿ, "ಹೂತು ಬರ್ತೇನಿ. ನೀ ಬರಬ್ಯಾಡ, ನೋಡಬ್ಯಾಡ," ಎಂದ.

ಆ ಮಾತು ಕೇಳಿದ್ದೇ ಅವಳು ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ನೋಡ್ತೇನಿ. ಈ ಸಲ ನೋಡ್ತೇನಿ. ಕೊಂದೀನಿ ಅಂದ್ರೆಲ್ಲ, ಹೌದು, ಇವಕ್ಕ ನಾನೇ ಕೊಂದೀನಿ, ಸುಳ್ಳು ಹೇಳಿ ತಂದೀನಿ. ಆದ್ರ ನನ್ನ ಕೂಸಿಗಿ ಎಲ್ಲಿ ಇಟ್ಟೀರಿ? ಮೂರು ತಿಂಗಳಾಯ್ತು. ನೀವು ಹೇಳಲಿಲ್ಲ, ನಾ ಕೇಳಲಿಲ್ಲ. ಎಲ್ಲಿ ಇಟ್ಟೀರಿ ಹೇಳ್ರಿ!"

ಸುಶೀಲಕುಮಾರ ಪೇಪರಿನ ಪೊಟ್ಟಣ ಹಿಡಿದು ಹೊಸ್ತಿಲ ಮೇಲೆ ಕೂತ. "ಸಾಯಗಾಂವದಾಗ," ಎಂದ. "ನಮ್ಮ ಹೊಲದಾಗ, ಬೇವಿನ ಗಿಡದ ಬಾಜೂಕ."

ಹಿತ್ತಲಲ್ಲಿ ಇಬ್ಬರೂ ಕೂಡಿ ಮೀನು ಹೂತರು. ಮಣ್ಣಿನ ಕೈ ತೊಳೆದುಕೊಂಡು ಗಾಡಿ ಹತ್ತಿ ಸಾಯಗಾಂವಕ್ಕೆ ಹೋದರು.

ಸೋಯಾ ಕೊಯ್ದಾಗಿತ್ತು. ಬದುವಿನ ತನಕ ಟ್ರ್ಯಾಕ್ಟರ್ ಹೊಡೆದು ಕಡಲೆ ಬಿತ್ತಿದ್ದರು. ಕಪ್ಪು ಮಣ್ಣಿನಲ್ಲಿ ಮೊಳಕೆ ಆಗಷ್ಟೇ ತಲೆ ಎತ್ತಿತ್ತು. ಸುಶೀಲಕುಮಾರ ಬೇವಿನ ಬುಡದಿಂದ ನಾಲ್ಕು ಹೆಜ್ಜೆ ಹಾಕಿ ನಿಂತ. ಹಿಂದೆ ಬಂದ. ಮತ್ತೆ ಎಣಿಸಿದ. ಆರು ಹೆಜ್ಜೆ. ನಿಂತು ಸುತ್ತ ನೋಡಿದ.

"ಇಲ್ಲೇ ಎಲ್ಲೋ... ಗುರುತಿಗಿ ಒಂದು ಕಲ್ಲು ಇಟ್ಟಿದ್ದೆ. ನೀ ಔರಾದದಾಗ ಇದ್ದಾಗ ದರ ರವಿವಾರ ಬಂದು ಕುಂದರ್ತಿದ್ದೆ. ಒಂದಿನ ಬಂದು ನೋಡ್ತೇನಿ, ಕಲ್ಲೇ ಇಲ್ಲ. ಅಪ್ಪ ತೆಗ್ದಿದ್ದ. ಮರುವಾರ ಹೋಗಿ ಟಾಂಕಿ ತಂದೆ. ಎಲ್ಲಾರ ಒಂದ್ಕಡಿ ಕುಂದ್ರಬೇಕಾಗಿತ್ತು ನನಗ."

ಅವಳು ಮೊಳಕೆ ತುಳಿಯದಂತೆ ಸಾಲಿನ ನಡುವೆ ಕೂತಳು. "ಹ್ಯಾಂಗ ಇದ್ಳು?" ಎಂದಳು.

"ಕೂದಲ ಭಾಳ ಇತ್ತು. ಗದ್ದ ನಿಂದೇ. ಎಡಗೈ ಮುಷ್ಟಿ ಬಿಗಿದಿತ್ತು."

"ಏನು ಸುತ್ತಿದ್ರಿ?"

"ಆಸ್ಪತ್ರಿ ಬಟ್ಟಿ ಬಿರಸಿತ್ತು. ನನ್ನ ಬನಿಯನ್ ಬಿಚ್ಚಿ ಒಳಗ ಸುತ್ತಿದೆ. ಮಳಿ ಬರ್ಲತ್ತಿತ್ತು, ಲಗು ಮಾಡು ಅಂದ ಅಪ್ಪ. ನಾನು ಲಗು ಮಾಡಿದೆ, ಮಾಯಾ. ಇನ್ನಷ್ಟು ಹೊತ್ತು ಹಿಡಕೋಬೇಕಿತ್ತು."  ಅವಳು ಅವನ ಅಂಗಿಯ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡಳು. ಆ ಬಯಲಿನಲ್ಲಿ ಇಬ್ಬರೂ ದನಿ ತೆಗೆದು ಅತ್ತರು.

ತಲೆ ಎತ್ತಿದಾಗ ಬದುವಿನ ಮೇಲೆ ಕಾಶೀರಾಮ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಮಹಾಮಾಯಾ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು, "ಮಾವ, ಕಲ್ಲು ಎಲ್ಲದರಿ?"

ಮುದುಕ ನೆಲ ನೋಡಿದ. "ಒಗದಿಲ್ಲ ಮಗಳೆ. ಇಂವ ಬಂದು ಕುಂತು ಅಳೋದು ನನ್ನ ಕಣ್ಣಿಲೆ ನೋಡ್ಲಾಕ ಆಗಲಿಲ್ಲ. ಅದಕ್ಕ ತೆಗದಿಟ್ಟೆ."

ಪಂಪಿನ ಕೋಣೆಗೆ ಹೋಗಿ, ಟವೆಲಿನಲ್ಲಿ ಸುತ್ತಿದ ಕಲ್ಲನ್ನು ಎದೆಗೆ ಅವಚಿಕೊಂಡು ತಂದ. ಮಗ ಮುಂದೆ ಬಂದರೂ ಕೈಗೆ ಕೊಡಲಿಲ್ಲ. "ಎಲ್ಲಿ ಇಡ್ಲಿ?" ಎಂದ.

ಯಾರಿಗೂ ಗೊತ್ತಿರಲಿಲ್ಲ. ಮಹಾಮಾಯಾ ಮೊಣಕಾಲೂರಿ, ತನ್ನ ಮುಂದಿನ ಮಣ್ಣನ್ನು ಅಂಗೈಯಿಂದ ಸವರಿ ಸಮ ಮಾಡಿದಳು.

"ಇಲ್ಲಿ ಇಡ್ರಿ."

ಟಾಂಕಿಯ ನೀರು ಹದಕ್ಕೆ ಬರಲು ಮತ್ತೆ ಮೂವತ್ತೊಂದು ದಿನ ಹಿಡಿಯಿತು. ಇಬ್ಬರೂ ಕೂಡಿಯೇ ಬೀದರಕ್ಕೆ ಹೋದರು. "ಹ್ವಾದ ಸಲ ಸುಳ್ಳು ಹೇಳಿದ್ದೆ ಭಾಯಿ," ಎಂದಳು ಅವಳು. ಶರಫೋದ್ದೀನ ಏನೂ ಕೇಳದೆ, ಈ ಸಲ ಒಂದೇ ಮೀನು ಒಯ್ಯಿರಿ ಎಂದ. ಅದು ಬದುಕಿತು. ಹಾಗೆಂದು ಮನೆ ಹಗುರಾಯಿತೆಂದಲ್ಲ. ಕೆಲವು ಸಂಜೆ ಅವಳು ಅದಕ್ಕೆ ಕಾಳು ಹಾಕುತ್ತ ನಿಂತಲ್ಲೇ ಅಳುತ್ತಾಳೆ. ಸುಶೀಲಕುಮಾರ ಈಗ ಅಳಬ್ಯಾಡ ಅನ್ನುವುದಿಲ್ಲ. ಎದ್ದು ಬಂದು ಹತ್ತಿರ ನಿಲ್ಲುತ್ತಾನೆ.