ಬೀಗ ಹಾಕಿದ ಭಾನುವಾರ

ಸೌದಿಯಲ್ಲಿ ಭಾನುವಾರವೆಂದರೆ ಕೆಲಸದ ವಾರದ ಮೊದಲ ದಿನ. ರಿಯಾದಿನ ಒಲಾಯಾ ಬಡಾವಣೆಯಲ್ಲಿ, ತನ್ನ ಆಫೀಸಿನ ಕುರ್ಚಿಯಲ್ಲಿ ಕಾರ್ಮೆಲಿನ್ ಕೂತಿದ್ದಷ್ಟೇ. ಪೋಲೆಂಡಿನಿಂದ ಮಗಳ ಫೋನು ಬಂತು.

"ಮಮ್ಮಿ, ಹಾಸ್ಟೆಲ್ ಆಫೀಸಿಗೆ ಬೀಗ ಹಾಕಿದ್ದಾರೆ."

"ಇನ್ನೂ ತೆರೆದಿರಲಿಕ್ಕಿಲ್ಲ ಪುತಾ. ಸ್ವಲ್ಪ ಕಾಯಿ."

"ಬೀದಿಯಲ್ಲಿ ಒಂದು ಜನ ಇಲ್ಲ ಮಮ್ಮಿ."

ಶೆರಿಲ್ ಕ್ರಾಕೋವ್‌ನಲ್ಲಿ ಇಳಿದದ್ದು ಶುಕ್ರವಾರ ಸಂಜೆ. ಹುಟ್ಟಿ ಬೆಳೆದದ್ದೆಲ್ಲ ರಿಯಾದಿನಲ್ಲಿ. ಅಪ್ಪನ ಕಾರಿಲ್ಲದೆ ಅಂಗಡಿಗೂ ಹೋಗಿ ಗೊತ್ತಿಲ್ಲದ ಹುಡುಗಿ. ಆ ಹಳೆಯ ಊರಿನ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಾಗ ಅಪ್ಪ ಸಲ್ವಾದೋರ್ ಬೇಡವೆಂದ. ಹಟ ಹಿಡಿದು ಒಪ್ಪಿಸಿದವಳು ಕಾರ್ಮೆಲಿನ್. ಖಫ್ಜಿಯ ತೈಲಕ್ಷೇತ್ರಕ್ಕೆ ಕೆಲಸಕ್ಕೆ ಹೊರಡುವಾಗ ಅವನು ಬಾಗಿಲಲ್ಲಿ ನಿಂತು ಹೇಳಿದ್ದ: "ಒಂದು ಸಲ ಅತ್ತು ಫೋನ್ ಮಾಡಿದಳೋ, ಮರುದಿನದ ವಿಮಾನದಲ್ಲಿ ವಾಪಸ್. ಮತ್ತೆ ನೀನು ಎಂತ ಸಹ ಮಾತಾಡ್ಲಿಕ್ಕಿಲ್ಲ."

ಟಿಕೆಟು ತೆಗೆದದ್ದೂ ಕಾರ್ಮೆಲಿನ್‌ಳೇ. ಅವಳ ಲೆಕ್ಕ: ಶುಕ್ರವಾರ, ಶನಿವಾರ ರಜೆ, ಮಗು ದಣಿವಾರಿಸಿಕೊಳ್ಳಲಿ. ಭಾನುವಾರ ಬೆಳಿಗ್ಗೆ ಆಫೀಸು ತೆರೆದ ಕೂಡಲೇ ರೂಮಿನ ಕೀಲಿ ಪಡೆಯಲಿ. ಅಲ್ಲಿಯವರೆಗೆ ಒಂದು ಅತಿಥಿಗೃಹ. ಈಗ ಅದನ್ನೂ ಬಿಟ್ಟು, ಎರಡು ದೊಡ್ಡ ಪೆಟ್ಟಿಗೆ ಎಳೆದುಕೊಂಡು ಬಂದು ಹುಡುಗಿ ಬಾಗಿಲೆದುರು ನಿಂತಿದ್ದಾಳೆ.

ಪಕ್ಕದ ಮೇಜಿನ ಉಡುಪಿಯ ಭವ್ಯಶ್ರೀ ತಲೆ ಎತ್ತಿದಳು. "ಅಕ್ಕಾ, ಅಲ್ಲಿ ಇವತ್ತು ಭಾನುವಾರ ಅಲ್ವಾ? ರಜೆ. ನೀವು ಊರಲ್ಲಿ ಭಾನುವಾರ ಇಗರ್ಜಿಗೆ ಹೋಗುವವರು, ನಿಮಗೆ ನಾನು ಹೇಳ್ಬೇಕಾ ಮಾರಾಯ್ರೇ?"

ಇಗರ್ಜಿಯೇ ಇಲ್ಲದ ಈ ದೇಶಕ್ಕೆ ಮದುವೆಯಾಗಿ ಬಂದಂದಿನಿಂದ, ರಜೆಯ ಶುಕ್ರವಾರವೇ ಕಾರ್ಮೆಲಿನ್‌ಳ ಭಾನುವಾರ. ಕಿಟಕಿಯ ಪರದೆ ಎಳೆದು, ದನಿ ತಗ್ಗಿಸಿ, ಮೂವರೂ ಜಪಸರ ಹಿಡಿದು ಕೂರುವುದು ಶುಕ್ರವಾರ. ಭಾನುವಾರವೆಂದರೆ ಟಿಫಿನ್ ಡಬ್ಬಿ, ಶಾಲೆಯ ಬಸ್ಸು, ಆಫೀಸು. ಮಗಳಿಗೂ ಬೇರೆ ಭಾನುವಾರ ಗೊತ್ತಿರಲಿಲ್ಲ.

"ನಾಳೆಯೇ ತೆರೆಯುವುದು," ಎಂದಳು ಮಗಳಿಗೆ.

"ಇವತ್ತು ಎಲ್ಲಿರಲಿ? ಅತಿಥಿಗೃಹದಲ್ಲಿ ಜಾಗ ಇಲ್ಲ ಅಂದ್ರು. ಎಂತದೋ ಓಟದ ಸ್ಪರ್ಧೆ ಉಂಟಂತೆ, ಊರಿಡೀ ಭರ್ತಿ." ದನಿ ಒಡೆಯಿತು. "ನಾನು ಬರ್ತೇನೆ ಮಮ್ಮಿ. ನನ್ನಿಂದ ಆಗುದಿಲ್ಲ."

ಕಾರ್ಮೆಲಿನ್ ಕಂಪ್ಯೂಟರಿನಲ್ಲಿ ಹೋಟೆಲುಗಳನ್ನು ಹುಡುಕಿದಳು. ಇದ್ದದ್ದು ಊರಾಚೆ, ಹೆದ್ದಾರಿಯ ಪಕ್ಕ ಒಂದೇ ಒಂದು. ಅಲ್ಲಿಗೆ ಒಬ್ಬಳನ್ನೇ ಕಳಿಸಲು ಮನಸ್ಸು ಬರಲಿಲ್ಲ.

"ಹತ್ತಿರ ಇಗರ್ಜಿ ಉಂಟಾ?"

"ಎಲ್ಲಿ ನೋಡಿದ್ರೂ ಅದೇ ಇರುದು."

"ಒಂದರ ಒಳಗೆ ಹೋಗು. ಪೂಜೆ ಇರ್ತದೆ. ಮುಗಿದ ಮೇಲೆ ಯಾರ ಹತ್ತಿರವಾದ್ರೂ ಕೇಳು."

"ಈ ಪೆಟ್ಟಿಗೆ ಹಿಡ್ಕೊಂಡಾ? ಭಾಷೆ ಬರುದಿಲ್ಲ ಮಮ್ಮಿ. ಎಂತ ಕೇಳ್ಲಿ?"

"ರೂಮಿಲ್ಲ ಅಂತ ಕೇಳು. ನಾಚಿಕೆ ಬೇಡ."

"ಚಾರ್ಜ್ ಹೋಗ್ತಾ ಉಂಟು," ಎಂದಳು ಶೆರಿಲ್. ಅಷ್ಟಕ್ಕೇ ಮಾತು ನಿಂತಿತು.

ಆಮೇಲೆ ಎಷ್ಟು ಸಲ ಮಾಡಿದರೂ ಫೋನು ಸ್ವಿಚ್ ಆಫ್. ಕಾರ್ಮೆಲಿನ್ ಇಮೇಲು ತೆರೆದಳು, ಮುಚ್ಚಿದಳು. ಮೀಟಿಂಗಿಗೆ ಹೋಗಿ ಕೂತಳು. ಯಾರು ಏನು ಹೇಳಿದರೆಂದು ಕೇಳಿದರೆ ಹೇಳಲಾರಳು. ಭವ್ಯಶ್ರೀ ಚಹಾ ತಂದಿಟ್ಟಳು. ಅದು ಆರಿ ಮೇಲೆ ಕೆನೆ ಕಟ್ಟಿತು.

ಮಧ್ಯಾಹ್ನ ಸಲ್ವಾದೋರ್‌ನ ಕರೆ. "ಶೆರಿಲ್ ಫೋನ್ ತೆಗೀತಿಲ್ಲ. ರೂಮು ಸಿಕ್ತಾ?"

ಸಿಕ್ಕಿತು ಎನ್ನಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು ಕೂಡ.

"ಇಲ್ಲ ಸಾಲಿ. ಅಲ್ಲಿ ಇವತ್ತು ರಜೆ. ತಪ್ಪು ನನ್ನದು. ಅವಳು ಅತ್ತಳು. ಈಗ ಎಲ್ಲಿದ್ದಾಳೋ ನನಗೂ ಗೊತ್ತಿಲ್ಲ."

ಆ ಕಡೆ ಯಂತ್ರಗಳ ಸದ್ದಿನ ನಡುವೆ ಅವನೆಂದ: "ನಾನು ಟಿಕೆಟ್ ನೋಡ್ತೇನೆ."

"ಅವಳು ಫೋನ್ ಮಾಡುವ ತನಕ ನಿಲ್ಲು."

"ಮಾಡದಿದ್ರೆ?"

ಅವನು ಫೋನು ಇಟ್ಟ.

ಆಫೀಸು ಖಾಲಿಯಾಗತೊಡಗಿದಾಗ ಅಪರಿಚಿತ ನಂಬರೊಂದು ಮಿನುಗಿತು.

"ಮಮ್ಮಿ, ಇದು ಮಗ್ದಾಳ ಫೋನು. ಇಗರ್ಜಿಯಲ್ಲಿ ಹಾಡುವವಳು, ನಮ್ಮ ಕಾಲೇಜೇ. ನನ್ನ ಪೆಟ್ಟಿಗೆ ಕಂಬದ ಹತ್ತಿರ ಬಿದ್ದು ದೊಡ್ಡ ಶಬ್ದ ಆಯ್ತು, ಎಲ್ಲರೂ ತಿರುಗಿ ನೋಡಿದ್ರು. ಪೂಜೆ ಮುಗಿದ ಮೇಲೆ ಇವಳೇ ಬಂದು ಮಾತಾಡಿಸಿದ್ದು. ಇವತ್ತು ಇವಳ ಅಜ್ಜಿಯ ಮನೆಯಲ್ಲಿ ಇರ್ತೇನೆ."

"ಯಾರವರು? ಎಲ್ಲಿ ಮನೆ? ಅಜ್ಜಿಗೆ ಫೋನ್ ಕೊಡು. ನಾನು ಡ್ಯಾಡಿ ಹತ್ತಿರ ಒಂದು ಮಾತು ಕೇಳಿ..."

"ಮಮ್ಮಿ, ಕೇಳ್ಲಿಕ್ಕೆ ಮಾಡಿದ್ದಲ್ಲ ನಾನು. ಆಗಲೇ ಬಂದಾಯ್ತು. ಸೂಪು ಕುಡಿದೂ ಆಯ್ತು. ಅಡ್ರೆಸ್ ಕಳಿಸ್ತೇನೆ."

ಮಗಳ ದನಿಯಲ್ಲಿ ಅಳುವಿರಲಿಲ್ಲ.

"ಆಯ್ತು ಪುತಾ," ಎಂದಳು ಕಾರ್ಮೆಲಿನ್.

ಆಮೇಲೆ ಖಫ್ಜಿಗೆ ಫೋನು ಹಚ್ಚಿದಳು. ಅವನು ಮೊದಲ ರಿಂಗಿಗೇ ಎತ್ತಿಕೊಂಡ.

"ಅವಳು ಫೋನ್ ಮಾಡಿದಳು. ಟಿಕೆಟ್ ಬೇಡ ಸಾಲಿ," ಎಂದಳು. "ಬೈಯುವುದಿದ್ದರೆ ನನಗೆ ಬೈ."