ಹತ್ತಿಕೊಳ್ಳದ ಕರ್ಪೂರ

ಮೊಂಬಾಸಾಕ್ಕೆ ಹೋಗಬೇಕಾದ ಟ್ರಂಕು ಲಕ್ಷ್ಮೀಪುರಂನ ಆ ಮನೆಯ ನಡುಮನೆಯಲ್ಲಿ ಬಾಯಿ ತೆರೆದುಕೊಂಡು ಕೂತು ವಾರವಾಗಿತ್ತು. ಪುಟ್ಟಬಸಮ್ಮ ಹೋಗುತ್ತಾ ಬರುತ್ತಾ ಅದರೊಳಕ್ಕೆ ಏನಾದರೊಂದು ತುರುಕುತ್ತಲೇ ಇದ್ದರು. ಚಟ್ನಿಪುಡಿ, ಹುರಿಹಿಟ್ಟು, ಮಜ್ಜಿಗೆ ಮೆಣಸಿನಕಾಯಿ, ಎರಡು ಸೇರು ರಾಗಿಹಿಟ್ಟು. ಆಫ್ರಿಕಾದಲ್ಲಿ ಮನುಷ್ಯರು ಊಟವನ್ನೇ ಮಾಡುವುದಿಲ್ಲ ಎಂದು ಆಕೆ ಹೇಗೋ ತೀರ್ಮಾನಿಸಿಬಿಟ್ಟಿದ್ದರು.

"ಅಲ್ಲೂ ಅಂಗಡಿ ಇದೆಯಂತಮ್ಮ. ಅವರೇ ಬರೆದಿದ್ದಾರೆ" ಎಂದಳು ಮಗಳು ಗಿರಿಜಾಂಬಾ.

"ಇದ್ರೆ ಇರ್ಲಿ ಬುಡು. ನಮ್ಮನೆ ಚಟ್ನಿಪುಡಿ ಮಾರ್ತಾರಾ ಅಲ್ಲಿ?"

ಗಿರಿಜಾಂಬಾಳ ಗಂಡ ವೃಷಭೇಂದ್ರಪ್ಪನಿಗೆ ಮೊಂಬಾಸಾ ಬಂದರಿನ ಕಚೇರಿಯಲ್ಲಿ ಕೆಲಸ. ಮದುವೆಯಾಗಿ ಮೂರು ತಿಂಗಳು ಜೊತೆಯಲ್ಲಿದ್ದು ಹಡಗು ಹತ್ತಿದವನು, ಮನೆ ಸಿಕ್ಕ ಕೂಡಲೇ ಕರೆಸಿಕೊಳ್ಳುತ್ತೇನೆ ಎಂದಿದ್ದ. ಮನೆ ಸಿಗುವುದಕ್ಕೆ ಎರಡು ವರ್ಷ ಹಿಡಿಯಿತು. ಕಾಫಿ ಬೇಕಾದರೆ ಅವನು ಬಾಯಿಬಿಟ್ಟು ಕೇಳುತ್ತಿರಲಿಲ್ಲ; ಖಾಲಿ ಲೋಟದ ಅಂಚಿಗೆ ಉಗುರಿನಿಂದ ಎರಡು ಸಲ ತಟ್ಟುತ್ತಿದ್ದ. ಈಗಲೂ ಪಾತ್ರೆ ಜೋಡಿಸುವಾಗ ಎಲ್ಲಾದರೂ ಟಿಣ್ ಟಿಣ್ ಎಂದರೆ ಗಿರಿಜಾಂಬಾ ತಿರುಗಿ ನೋಡುತ್ತಾಳೆ. ನೋಡಿದ ಮೇಲೆ ನಾಚಿಕೆಯಾಗುತ್ತದೆ. ನಾಚಿಕೆಯ ಹಿಂದೆಯೇ ಅಳು ಬರುತ್ತದೆ. ಒಬ್ಬ ಮನುಷ್ಯನಿಗಾಗಿ ಇಷ್ಟು ಹಂಬಲಿಸಬಹುದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆದರೆ ಆ ಮನುಷ್ಯನಿಗೆ ಅವಳು ಒಂದು ವಿಷಯವನ್ನು ಹೇಳಿರಲಿಲ್ಲ. ಗಿರಿಜಾಂಬಾಳಿಗೆ ಮೂರ್ಛೆರೋಗವಿತ್ತು. ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಎತ್ತಲೇಬೇಕಾದಾಗ 'ತಲೆಸುತ್ತು' ಎನ್ನುತ್ತಿದ್ದರು. ಹುಡುಗಿಯಾಗಿದ್ದಾಗ ಅವಳು ಕೈಕಾಲು ಸೆಟೆದು ಬಿದ್ದಾಗಲೆಲ್ಲ ಪುಟ್ಟಬಸಮ್ಮ ಮೊದಲು ಬೀದಿಬಾಗಿಲು ಹಾಕಿ, ಆಮೇಲೆ ಓಡಿಬಂದು ಮಗಳ ಮುಷ್ಟಿಗೆ ಬೀರುವಿನ ಬೀಗದಕೈ ತುರುಕುತ್ತಿದ್ದರು. ಕಬ್ಬಿಣ ಹಿಡಿದರೆ ಇಳಿಯುತ್ತದೆ ಎಂಬ ನಂಬಿಕೆ. ಆಮೇಲೆ ಒಬ್ಬ ಡಾಕ್ಟರು ಬೆಳಗ್ಗೆ ಒಂದು, ರಾತ್ರಿ ಒಂದು ಎಂದು ಬಿಳಿ ಮಾತ್ರೆ ಕೊಟ್ಟರು. ಅಂದಿನಿಂದ ಅವಳು ಬಿದ್ದಿರಲಿಲ್ಲ. ಮದುವೆಯಾದ ಮೂರು ತಿಂಗಳೂ ಅವಳು ಆ ಮಾತ್ರೆಯನ್ನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ನುಂಗಿದ್ದಳು.

ಪುಟ್ಟಬಸಮ್ಮ ಸುಮ್ಮಸುಮ್ಮನೆ ಹೆದರುವ ಹೆಂಗಸಲ್ಲ. ಅವರ ಗಂಡನ ತಂಗಿ ಶಿವನಂಜಮ್ಮನಿಗೂ ಇದೇ ಕಾಯಿಲೆ ಇತ್ತು. ಗಂಡನ ಮನೆಯಲ್ಲಿ ಒಂದೇ ಒಂದು ಸಲ ಬಿದ್ದದ್ದಕ್ಕೆ ಅವಳನ್ನು ಟ್ರಂಕಿನ ಸಮೇತ ಜಟಕಾದಲ್ಲಿ ಕೂರಿಸಿ ವಾಪಸು ಕಳಿಸಿದ್ದರು. ಹಿತ್ತಲಕಡೆಯ ಕೋಣೆಯಲ್ಲಿ ಅವಳು ಬದುಕು ಸವೆಸಿದ್ದನ್ನು ಪುಟ್ಟಬಸಮ್ಮ ಕಣ್ಣಾರೆ ಕಂಡಿದ್ದರು. ಆ ಟ್ರಂಕು ಈಗಲೂ ಅಟ್ಟದ ಮೇಲಿದೆ. ಮಗಳಿಗೆ ಹೊಸ ಟ್ರಂಕನ್ನೇ ಕೊಂಡುತಂದದ್ದು ಅದಕ್ಕೇ.

ಹೊರಡುವ ಮೊದಲು ಇಬ್ಬರೂ ಡಾಕ್ಟರ ಬಳಿ ಹೋಗಿದ್ದರು. ಅವರು ಮಾತ್ರೆಯ ಸೀಸೆಯ ಮೇಲೆ ಗಿರಿಜಾಂಬಾಳ ಹೆಸರು, ಔಷಧಿಯ ಹೆಸರು ಬರೆದ ಚೀಟಿ ಅಂಟಿಸಿ ಕೊಟ್ಟರು.

"ಇದನ್ನ ಟ್ರಂಕಿನಲ್ಲಿ ಇಡಬೇಡಿ. ಟ್ರಂಕು ಹಡಗಿನ ತಳಕ್ಕೆ ಹೋಗುತ್ತೆ. ಕೈಚೀಲದಲ್ಲೇ ಇರಲಿ, ಇದೇ ಸೀಸೆಯಲ್ಲೇ ಇರಲಿ. ಬೇಕಾದ್ದಕ್ಕಿಂತ ಜಾಸ್ತೀನೇ ಕೊಟ್ಟಿದ್ದೀನಿ. ಒಂದು ದಿವಸವೂ ತಪ್ಪಿಸಬಾರದು. ಸಮುದ್ರದಲ್ಲಿ ವಾಂತಿ ಆಗುತ್ತೆ, ಮಾತ್ರೇನೂ ಆಚೆ ಬಂದುಬಿಡಬಹುದು. ಆಗ ಏನು ಮಾಡಬೇಕು ಅಂತ ಹಡಗಿನ ಡಾಕ್ಟರು ಹೇಳಬೇಕಾದರೆ, ಅವರಿಗೆ ಮೊದಲೇ ಗೊತ್ತಿರಬೇಕು. ಜೊತೆಯಲ್ಲಿ ಬರೋರಿಗೂ ಹೇಳಿಡಿ."

"ಆಗ್ಲಿ ಸ್ವಾಮಿ" ಎಂದು ಪುಟ್ಟಬಸಮ್ಮ ಕೈಮುಗಿದರು. ಮನೆಗೆ ಬಂದವರೇ ಸೀಸೆಯನ್ನು ಬಿಸಿನೀರಿನಲ್ಲಿ ಅದ್ದಿ ಚೀಟಿಯನ್ನು ಕೆರೆದು ತೆಗೆದರು. ಮಾತ್ರೆಗಳನ್ನೆಲ್ಲ ವಿಭೂತಿಯ ಬೆಳ್ಳಿ ಕರಂಡಕಕ್ಕೆ ಸುರಿದು ಮೇಲೆ ವಿಭೂತಿ ಮುಚ್ಚಿದರು. ದೊಡ್ಡವರ ಮುಂದೆ ಆಗಲಿ ಎನ್ನುವುದು ಮರ್ಯಾದೆ, ತನಗೆ ತೋಚಿದಂತೆ ಮಾಡುವುದು ಸಂಸಾರ. ಪುಟ್ಟಬಸಮ್ಮ ಎರಡನ್ನೂ ಚೆನ್ನಾಗಿ ಬಲ್ಲವರು.

"ಅಮ್ಮ, ಡಾಕ್ಟರು ಹೇಳಿದ್ದು..."

"ಡಾಕ್ಟರು ನಿನ್ನ ಸಂಸಾರ ಮಾಡ್ತಾರೇನೇ? ವಿಭೂತಿ ಕರಡಿಗೆ ಯಾರೂ ಕೆದಕಲ್ಲ. ಒಂದೇ ಕ್ಯಾಬಿನ್ನಲ್ಲಿ ನಿನ್ನ ಗಂಡನ ಅಕ್ಕ ಇರ್ತಾಳೆ. ಅವಳ ಕಣ್ಣಿಗೆ ಬಿತ್ತೋ, ಮುಗೀತು."

ಆ ಅಕ್ಕನೇ ಚಂದ್ರಮತಿ. ತಾಯಿತಂದೆ ಇಲ್ಲದ ತಮ್ಮನನ್ನು ಬೆಳೆಸಿದವಳು. ಅವಳ ಗಂಡನೂ ಮೊಂಬಾಸಾದಲ್ಲೇ ಇದ್ದ. ಬಂಧುಗಳ ಮದುವೆಗೆಂದು ಬಂದು ಅದೇ ಊರಿನ ಒಂಟಿಕೊಪ್ಪಲಿನಲ್ಲಿ ಉಳಿದಿದ್ದ ಅವಳು ಈಗ ಹಿಂತಿರುಗುವವಳಿದ್ದಳು. ತಮ್ಮನ ಹೆಂಡತಿಯನ್ನು ಜೊತೆಯಲ್ಲಿ ಕರೆದೊಯ್ಯುವುದು ಅವಳೇ.

ಹೊರಡಲು ಮೂರು ದಿನ ಇದೆ ಎನ್ನುವಾಗ ಚಂದ್ರಮತಿ ಊಟಕ್ಕೆ ಬಂದಳು. ಬಂದವಳೇ ಹಡಗಿನ ಕಥೆ ಶುರುಮಾಡಿದಳು.

"ಮೊದಲ ಎರಡು ದಿವಸ ಹೊಟ್ಟೇಲಿರೋದೆಲ್ಲ ಸಮುದ್ರಕ್ಕೇ ನೈವೇದ್ಯ ಕಣಮ್ಮ. ಆಮೇಲೆ ಸರಿಹೋಗುತ್ತೆ. ನಾನಿರ್ತೀನಲ್ಲ, ಹೆದರ್ಕೋಬೇಡ. ನನ್ನ ತಮ್ಮ ಅಂತೂ ಬಂದರಿನ ಕಟ್ಟೆ ಮೇಲೆ ಬೆಳಗ್ಗೆಯಿಂದಾನೇ ನಿಂತಿರ್ತಾನೆ, ನೋಡ್ತಿರು."

ಗಿರಿಜಾಂಬಾ ತಲೆ ತಗ್ಗಿಸಿದಳು. ಆ ಕಟ್ಟೆಯ ಮೇಲಿನ ಮುಖವನ್ನು ಅವಳು ಮನಸ್ಸಿನಲ್ಲೇ ಎಷ್ಟೋ ಸಲ ಕಂಡಿದ್ದಳು. ಪ್ರತಿ ಸಲವೂ ಕೊನೆಯಲ್ಲಿ ಅದೇ ಭಯ ಬರುತ್ತಿತ್ತು: ತಾನು ಅವನ ಎದುರಿಗೇ ಬಿದ್ದು, ಎಚ್ಚರವಾಗಿ ಕಣ್ಣು ಬಿಟ್ಟಾಗ ಆ ಮುಖ ಬೇರೆಯಾಗಿದ್ದರೆ?

ಪೂಜೆಗೆ ಕೂರುವ ಮೊದಲು ಚಂದ್ರಮತಿ ವಿಭೂತಿಗಾಗಿ ಕೈ ಚಾಚಿದಳು. ದೇವರ ಗೂಡಿನ ಬಟ್ಟಲು ತೊಳೆಯಲು ಹೋಗಿತ್ತು. ಟ್ರಂಕಿನ ಪಕ್ಕದಲ್ಲಿ ಹೊಳೆಯುತ್ತಿದ್ದ ಬೆಳ್ಳಿ ಕರಂಡಕವನ್ನು ಅವಳು ತಾನೇ ಎತ್ತಿಕೊಂಡು ಮುಚ್ಚಳ ತೆಗೆದಳು. ಬೆರಳಿಗೆ ಏನೋ ಉರುಟಾದದ್ದು ಸಿಕ್ಕಿತು.

"ಇದೇನಿದು?"

"ಕರ್ಪೂರ ಕಣಮ್ಮ" ಎಂದರು ಪುಟ್ಟಬಸಮ್ಮ, ಉಸಿರು ಕೂಡ ತೆಗೆದುಕೊಳ್ಳದೆ. "ಅಲ್ಲಿ ಸಿಗುತ್ತೋ ಇಲ್ವೋ ಅಂತ ಬಿಲ್ಲೆ ಕರ್ಪೂರ ಇಟ್ಟಿದ್ದೀನಿ."

ಚಂದ್ರಮತಿ ಮೂಸಿ ನೋಡಿದಳು. "ವಾಸನೇನೇ ಇಲ್ವಲ್ಲ. ಹಳೇದೇ ಇರಬೇಕು." ವಿಭೂತಿ ಇಟ್ಟುಕೊಂಡು ಪೂಜೆಗೆ ಕೂತಳು. ಮಂಗಳಾರತಿಯ ಹೊತ್ತಿಗೆ ನೋಡಿದರೆ ಮನೆಯ ಕರ್ಪೂರದ ಡಬ್ಬಿ ಖಾಲಿ. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಯಾರೂ ತಂದಿರಲಿಲ್ಲ.

"ಅದರಲ್ಲೇ ಒಂದೆರಡು ಕೊಡಿ ಅತ್ತೆ. ನಮ್ಮ ಪ್ರಯಾಣಕ್ಕೆ ಅಂತಲೇ ಹಚ್ಚೋಣ" ಎಂದು ಚಂದ್ರಮತಿ ನಾಲ್ಕು ಬಿಲ್ಲೆಗಳನ್ನು ಆರತಿ ತಟ್ಟೆಯಲ್ಲಿಟ್ಟು ಕಡ್ಡಿ ಗೀರಿದಳು.

ಬಿಲ್ಲೆ ಹತ್ತಿಕೊಳ್ಳಲಿಲ್ಲ. ಅಂಚು ಕಪ್ಪಾಯಿತು, ನೊರೆ ಬಂತು, ಕೆಟ್ಟ ವಾಸನೆ ಎದ್ದಿತು. ಅವಳು ಇನ್ನೊಂದು ಕಡ್ಡಿ ಗೀರಿದಳು. ಗಿರಿಜಾಂಬಾ ಗಂಟೆ ಹಿಡಿದು ನಿಂತಿದ್ದವಳು ಬಾರಿಸುವುದನ್ನೇ ಮರೆತಳು. ದಿನಕ್ಕೆ ಎರಡರಂತೆ, ಸಮುದ್ರದ ಮೇಲಿನ ಎರಡು ದಿನದ ಮಾತ್ರೆ ಅವಳ ಕಣ್ಣಮುಂದೆ ಕರಿಕಾಗುತ್ತಿತ್ತು. ಪುಟ್ಟಬಸಮ್ಮ ಗೋಡೆ ನೋಡುತ್ತಿದ್ದರು.

"ಥೂ, ಯಾವ ಅಂಗಡಿಯವನು ಕೊಟ್ಟ ಇದನ್ನ? ಅಪಶಕುನ ಅಂದ್ರೆ ಅಪಶಕುನ" ಎಂದು ಚಂದ್ರಮತಿ ಕರಂಡಕವನ್ನೇ ಎತ್ತಿಕೊಂಡು ಹಿತ್ತಲ ಬಾಗಿಲ ಕಡೆ ನಡೆದಳು. "ಇಷ್ಟನ್ನೂ ತಿಪ್ಪೆಗೆ ಸುರೀತೀನಿ. ಒಳ್ಳೇ ಕರ್ಪೂರ ನಾನೇ ತರ್ತೀನಿ."

ತಾಯಿ ಆಗಲೂ ಬಾಯಿ ಬಿಡಲಿಲ್ಲ. ಗಿರಿಜಾಂಬಾ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ಸುರೀಬೇಡಿ ಅಕ್ಕ. ಅದು ಕರ್ಪೂರ ಅಲ್ಲ, ನನ್ನ ಮಾತ್ರೆ. ನನಗೆ ಮೂರ್ಛೆ ಬರ್ತಿತ್ತು. ಅದನ್ನ ತಗೊಳ್ಳದೇ ಹೋದ್ರೆ ಮತ್ತೆ ಬರುತ್ತೆ."

ಚಂದ್ರಮತಿ ಕರಂಡಕವನ್ನು ನಿಧಾನವಾಗಿ ಕಟ್ಟೆಯ ಮೇಲಿಟ್ಟಳು.

"ನನ್ನ ತಮ್ಮನಿಗೆ ಗೊತ್ತಾ?"

"ಇಲ್ಲ."

"ಊರಿಗೆ ಬಂದಾಗಲೆಲ್ಲ ನಾನು ಅತ್ತೆ ಅತ್ತೆ ಅಂತ ಈ ಮನೆಗೆ ಬರ್ತಿದ್ದೀನಿ. ಒಂದು ಮಾತು ಹೇಳಬಾರದಿತ್ತಾ ಪುಟ್ಟಬಸಮ್ಮನೋರೇ?" ಅತ್ತೆ ಎನ್ನುವುದು ಅಲ್ಲಿಗೇ ನಿಂತಿತು.

ಪುಟ್ಟಬಸಮ್ಮ ತಿರುಗಿದರು. "ಹೇಳಿದ್ರೆ ಏನು ಮಾಡ್ತಿದ್ದೆ? ಹೇಳು. ಸಂಬಂಧ ಕೇಳೋಕೆ ಬಂದಾಗಲೇ ಹೇಳಿದ್ರೆ ಹೂಂ ಅಂತಿದ್ಯಾ?"

ಸುಳ್ಳು ಹೇಳುವುದು ಚಂದ್ರಮತಿಗೆ ಬರುತ್ತಿರಲಿಲ್ಲ.

"ಇಲ್ಲ. ಅಂತಿರಲಿಲ್ಲ."

"ಮತ್ತೆ?"

"ಮತ್ತೇನು ಮತ್ತೆ? ಹಡಗಲ್ಲಿ ಇವಳು ನನ್ನ ಪಕ್ಕದಲ್ಲೇ ಬಿದ್ದಿದ್ರೆ ನಾನೇನು ಅಂದ್ಕೋತಿದ್ದೆ? ಗಾಳಿ ಮೆಟ್ಕೊಂಡಿದೆ ಅಂತ ಆಚೆ ಓಡ್ತಿದ್ದೆ. ಹಡಗಿನ ಡಾಕ್ಟರು ಬಂದು ಏನಾಗಿದೆ ಅಂತ ಕೇಳಿದ್ರೆ, ವಿಭೂತಿ ಕರಡಿಗೆ ತೋರಿಸ್ತಿದ್ನಾ? ನಿಮ್ಮ ಮರ್ಯಾದೆಗೆ ನಿಮ್ಮ ಮಗಳನ್ನೇ ಕೊಲ್ತಿದ್ರಿ ಕಣ್ರೀ!" ಅವಳು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಅವಳಿಗೆಂದು ಹಾಕಿದ್ದ ಎಲೆ ನಡುಮನೆಯಲ್ಲಿ ಹಾಗೇ ಉಳಿಯಿತು.

ಪುಟ್ಟಬಸಮ್ಮ ಟ್ರಂಕಿನ ಮುಚ್ಚಳ ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ಗಿರಿಜಾಂಬಾ ಅದನ್ನು ಮತ್ತೆ ತೆರೆದಿಟ್ಟಳು. ಅವಳಿಗೆ ಅಳು ಬರಲಿಲ್ಲ, ಅದೇ ಆಶ್ಚರ್ಯ. ಗಂಡನ ಬಳಿ ಹೋಗಬೇಕೆಂಬ ಆಸೆ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ, ಇನ್ನೂ ಹೆಚ್ಚಿತ್ತು. ಆದರೆ ಅವನ ಮನೆಯಲ್ಲೂ ಬಾಗಿಲ ಹಿಂದೆ ನಿಂತು ಮಾತ್ರೆ ನುಂಗಬೇಕು ಎಂದುಕೊಂಡಾಗ, ಅಷ್ಟು ದೂರ ಹೋಗುವುದು ಆ ಬಾಗಿಲ ಹಿಂದಕ್ಕೇ ಎನ್ನಿಸಿತು.

ಮರುದಿನ ಬೆಳಗ್ಗೆ ಅವಳು ಡಾಕ್ಟರ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಅವರು ತಲೆ ಚಚ್ಚಿಕೊಂಡು, ವಿಭೂತಿ ಮೆತ್ತಿದ್ದನ್ನು ಬಿಟ್ಟು ಸೀಸೆಗೆ ಹೊಸ ಮಾತ್ರೆ ತುಂಬಿಸಿ ಕೊಟ್ಟರು. ಹಡಗಿನ ಡಾಕ್ಟರಿಗೆಂದು ಒಂದು ಕಾಗದ, ಸೀಸೆಗೆಂದು ಇನ್ನೊಂದು ಚೀಟಿ ಬರೆದುಕೊಟ್ಟರು. ಮೂರ್ಛೆ ಬಂದರೆ ಹತ್ತಿರದವರು ಏನು ಮಾಡಬೇಕು, ಏನು ಮಾಡಬಾರದು ಎಂದೂ ತಿಳಿಸಿದರು. ಅಲ್ಲಿಂದ ಅವಳು ಒಂಟಿಕೊಪ್ಪಲಿನ ಬಸ್ಸು ಹತ್ತಿದಳು. ದಾರಿಯಲ್ಲಿ ಬಿದ್ದುಬಿಟ್ಟರೆ ಎಂದು ಅವಳನ್ನು ಇದುವರೆಗೆ ಒಬ್ಬಳನ್ನೇ ಎಲ್ಲಿಗೂ ಬಿಟ್ಟವರಿರಲಿಲ್ಲ.

ಚಂದ್ರಮತಿ ಜಗಲಿಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದಳು. ಕೂರು ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ.

"ಅಕ್ಕ, ನೀವು ಬೇಡ ಅಂದ್ರೆ ನಾನು ಹಡಗು ಹತ್ತಲ್ಲ. ಅವರಿಗೆ ನಾನೇ ಬರೆದು, ಅವರು ಏನಂತಾರೋ ಅಲ್ಲೀವರೆಗೂ ಕಾಯ್ತೀನಿ. ಕಾಯೋದು ನನಗೆ ಅಭ್ಯಾಸವಾಗಿದೆ. ಆದ್ರೆ ಬಾ ಅಂದ್ರೆ, ಈ ಸೀಸೆ ಎಲ್ಲರಿಗೂ ಕಾಣೋ ಹಾಗೇ ಇಟ್ಕೊಂಡು ಬರ್ತೀನಿ. ಬಚ್ಚಿಟ್ಟುಕೊಂಡು ಬರಲ್ಲ."

ಚಂದ್ರಮತಿಯ ಕೈ ಮೊರದ ಮೇಲೇ ನಿಂತಿತು. "ಅವನನ್ನ ನೋಡಬೇಕು ಅಂತ ಇಲ್ವೇನೇ ನಿನಗೆ?"

"ಇದೆ ಅಕ್ಕ. ತುಂಬಾ ಇದೆ." ಈಗ ಅಳು ಬಂತು. "ಅದಕ್ಕೇ ಹೇಳಿದ್ದು."

ಚಂದ್ರಮತಿ ಇನ್ನೊಂದಷ್ಟು ಕಾಯಿ ಮುರಿದಳು. ಆಮೇಲೆ ತಲೆಯೆತ್ತದೆ ಕೇಳಿದಳು: "ವಾಂತಿ ಆದ್ರೆ ಮಾತ್ರೆ ಗತಿ ಏನು?"

"ಹಡಗಿನ ಡಾಕ್ಟರನ್ನ ಕೇಳಬೇಕಂತೆ."

"ಹಂಗಾದ್ರೆ ಹತ್ತಿದ ದಿವಸಾನೇ ಹೋಗಿ ಕಾಣೋಣ. ಇನ್ನೊಂದು ಕೇಳು. ಅವನಿಗೆ ನಾನು ಹೇಳಲ್ಲ, ನೀನೇ ಹೇಳಬೇಕು. ಕಟ್ಟೆ ಮೇಲೆ ಇಳಿದ ದಿವಸವೇ. ಏನಂತಾನೋ ನನಗೂ ಗೊತ್ತಿಲ್ಲ. ನನ್ನ ತಮ್ಮ ಅಂತ ನಾನು ಜಾಮೀನು ನಿಲ್ಲಲ್ಲ." ಮೊರವನ್ನು ಅವಳ ಕಡೆ ತಳ್ಳಿದಳು. "ಸುಮ್ನೆ ನಿಂತಿದ್ದೀಯಲ್ಲ, ಬಿಡಿಸು."

ಗಿರಿಜಾಂಬಾ ಮನೆಗೆ ಬಂದು ಚೀಟಿಯನ್ನೂ ಸೀಸೆಯನ್ನೂ ತಾಯಿಯ ಮುಂದಿಟ್ಟಳು. ಅಕ್ಕ ಬಾ ಅಂದರು ಎಂದಳು, ಮೂರ್ಛೆ ಬಂದರೆ ಏನು ಮಾಡಬೇಕೆಂದು ಡಾಕ್ಟರು ಹೇಳಿದ್ದನ್ನೂ ಹೇಳಿದಳು. ಊಟದ ಹೊತ್ತಿಗೆ ಗಿರಿಜಾಂಬಾ ಅಡುಗೆಮನೆಗೆ ಹೋದಾಗ, ತಾಯಿ ಬೆರಳ ತುದಿಯಲ್ಲಿ ಅನ್ನದ ಅಗುಳು ಹಿಸುಕಿ ಸೀಸೆಗೆ ಚೀಟಿ ಅಂಟಿಸುತ್ತಿದ್ದರು. ಸೊಟ್ಟಗಾಯಿತೆಂದು ಕಿತ್ತು ಮತ್ತೆ ನೇರವಾಗಿ ಅಂಟಿಸಿದರು.

ಹೊರಡುವ ದಿನ ಸ್ಟೇಷನ್ನಿನಲ್ಲಿ ಬೀಳ್ಕೊಡಲು ಬಂದ ನೆಂಟರೇ ಒಂದು ಗುಂಪು. ಟ್ರಂಕು ಒಳಗೆ ಹೋಯಿತು. ಚಂದ್ರಮತಿ ಕಿಟಕಿಯ ಪಕ್ಕ ಕೂತಳು. ಗಿರಿಜಾಂಬಾಳ ಮಡಿಲಲ್ಲಿ ಕೈಚೀಲ, ಚೀಲದ ಬಾಯಲ್ಲಿ ಸೀಸೆ. ನೆಂಟರ ಪೈಕಿ ಅಂಬುಜಮ್ಮ ಎಂಬಾಕೆಯ ಕಣ್ಣು ಅಲ್ಲಿಗೇ ಹೋಯಿತು.

"ಅದೇನಮ್ಮ ಔಷಧಿ? ಹುಷಾರಿಲ್ವಾ?"

ಗಿರಿಜಾಂಬಾ ಬಾಯಿ ತೆರೆಯುವ ಮೊದಲೇ ತಾಯಿಯ ಮುಖ ನೋಡಿದಳು. 'ತಲೆಸುತ್ತು' ಎಂಬ ಮಾತು ಆ ಬಾಯಿಂದ ಹೊರಡುವುದನ್ನು ಅವಳು ಎಷ್ಟು ವರ್ಷಗಳಿಂದ ಕೇಳಿದ್ದಳು! ಗಾರ್ಡು ಸೀಟಿ ಊದಿದ. ಪುಟ್ಟಬಸಮ್ಮ ಅಂಬುಜಮ್ಮನನ್ನೂ ಜನರನ್ನೂ ಸರಿಸಿಕೊಂಡು ಕಿಟಕಿಯ ಬಳಿ ಬಂದು ಸರಳು ಹಿಡಿದರು.

"ಚಂದ್ರಮತಿ" ಎಂದರು ಗಟ್ಟಿಯಾಗಿ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಇವಳಿಗೆ ಮೂರ್ಛೆರೋಗ ಇದೆ ಕಣಮ್ಮ. ಒಂದು ವೇಳೆ ಬಂದ್ರೆ ಮಗ್ಗುಲಿಗೆ ತಿರುಗಿಸಿ ಮಲಗಿಸು. ಬಾಯಿಗೆ ಏನೂ ಹಾಕಬೇಡ. ಕೈಗೆ ಬೀಗದಕೈ ಕೊಡಬೇಡ, ಅದರಿಂದ ಏನೂ ಆಗಲ್ಲ. ಸುಮ್ನೆ ಪಕ್ಕದಲ್ಲಿ ಕೂತ್ಕೋ."

"ಕೂತ್ಕೋತೀನಿ ಅತ್ತೆ" ಎಂದಳು ಚಂದ್ರಮತಿ.

ರೈಲು ಹೊರಟಿತು. ಪುಟ್ಟಬಸಮ್ಮ ಸರಳು ಬಿಡದೆ ನಾಲ್ಕು ಹೆಜ್ಜೆ ಜೊತೆಯಲ್ಲೇ ನಡೆದರು. ಅವರ ಸೊಂಟದಲ್ಲಿ ಬೀರುವಿನ ಬೀಗದಕೈ ಗಲಗಲ ಎನ್ನುತ್ತಿತ್ತು.