ಕಿವಿಯಣ್ಣನ ಪ್ರಶಸ್ತಿ

ಧ್ವನಿಮುದ್ರಣದ ಕಸುಬಿನವರೆಲ್ಲ ಅವನನ್ನು ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತೆಂಟು ವರ್ಷ ಮಿಕ್ಸಿಂಗ್ ಮಾಡಿದವನು. ಎಂದರೆ, ಬೇರೆ ಬೇರೆಯಾಗಿ ಮುದ್ರಿಸಿಕೊಂಡ ಕಂಠವನ್ನೂ ವಾದ್ಯಗಳನ್ನೂ ಹದವಾಗಿ ಬೆರೆಸಿ ಒಂದು ಹಾಡಾಗಿ ಮಾಡುವವನು. ಹನ್ನೆರಡು ಜನ ಪಿಟೀಲು ನುಡಿಸುತ್ತಿದ್ದರೆ, ಏಳನೆಯವರ ಕುರ್ಚಿ ಕಿರುಗುಟ್ಟಿತು ಎಂದು ಗಾಜಿನ ಈಚೆ ಕೂತು ಹೇಳಿಬಿಡುತ್ತಾನೆ ಎಂಬ ಖ್ಯಾತಿ ಅವನದು. ಅದರಲ್ಲಿ ಅರ್ಧ ಉತ್ಪ್ರೇಕ್ಷೆ. ಉಳಿದರ್ಧ ನಿಜ.

ಆ ಕಿವಿ ಕೈಕೊಟ್ಟದ್ದು ಎರಡು ವರ್ಷದ ಹಿಂದೆ, ಒಂದು ಬೆಳಿಗ್ಗೆ. ಸ್ಟುಡಿಯೋದಲ್ಲಿ ಗಾಯಕಿಯೊಬ್ಬಳು ತನ್ನ ಹಾಡು ಕೇಳಿಸಿಕೊಳ್ಳುತ್ತಾ ಮುಖ ಕಿವುಚಿದಳು.

"ಅಣ್ಣಾ, ನನ್ನ ಸಕಾರ ಸೂಜಿ ಥರ ಚುಚ್ತಿದೆ."

ಕಿವಿಯಣ್ಣ ಮತ್ತೆ ಹಾಕಿ ಕೇಳಿದ. ಇನ್ನೊಮ್ಮೆ ಕೇಳಿದ. ಅವನ ಕಿವಿಗೆ ಹಾಡು ರೇಷ್ಮೆಯಂತೆ ನುಣ್ಣಗಿತ್ತು, ಸೂಜಿಯ ಸುಳಿವಿರಲಿಲ್ಲ. ಯಾವುದೋ ಗುಂಡಿಯನ್ನು ತುಸು ತಿರುಗಿಸಿ ಅವಳ ಮುಖ ನೋಡಿದ.

"ಈಗ?"

"ಇನ್ನೂ ಹಾಗೇ ಇದೆಯಲ್ಲಾ."

ಆಗ ಹಿಂದೆ ನಿಂತಿದ್ದ ಸೊಸೆ ಬಾಗಿ, ಪಕ್ಕದ ಇನ್ನೊಂದು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದಳು. "ಹಾಂ, ಹೋಯ್ತು!" ಎಂದಳು ಗಾಯಕಿ. ಸೊಸೆ ರೇಡಿಯೋ ಕೇಂದ್ರದಲ್ಲಿ ಸುದ್ದಿಯ ಧ್ವನಿಗಳನ್ನು ಕತ್ತರಿಸಿ ಜೋಡಿಸುವ ಕೆಲಸ ಬಿಟ್ಟು ಮಾವನ ಕೈಕೆಳಗೆ ಸೇರಿ ಆಗಿನ್ನೂ ಮೂರು ತಿಂಗಳು.

ಮನೆಗೆ ಹೋಗುವ ಬಸ್ಸಿನಲ್ಲಿ ಇಬ್ಬರೂ ಆ ಮಾತೆತ್ತಲಿಲ್ಲ. ಮರುದಿನ ಅವಳು ತನ್ನ ಕುರ್ಚಿಯನ್ನು ಎಳೆದುಕೊಂಡು ಅವನ ಪಕ್ಕಕ್ಕೇ ಬಂದು ಕೂತಳು.

ಕಿವಿಯಣ್ಣ ಯಾರಿಗೂ ಹೇಳದೆ ವೈದ್ಯರ ಹತ್ತಿರ ಹೋದ. "ಮೇಲಿನ ಸ್ವರಗಳು ಹೋಗಿವೆ," ಎಂದರು ಅವರು. "ವಯಸ್ಸು, ಜೊತೆಗೆ ನಿಮ್ಮ ಕಸುಬು. ಸ, ಶ ಇವೆಲ್ಲ ನಿಮಗೆ ಸರಿಯಾಗಿ ಕೇಳಲ್ಲ, ಊಹೆ ಮಾಡ್ಕೋತಿದ್ದೀರಿ. ಯಂತ್ರ ಹಾಕ್ಕೊಂಡ್ರೆ ಮಾತು ಕೇಳುತ್ತೆ. ನಿಮ್ಮ ಕೆಲಸಕ್ಕೆ ಅದು ಸಾಲದು." ಅವರು ಕೊಟ್ಟ ಚೀಟಿಯನ್ನು ಅವನು ಕಪಾಟಿನಲ್ಲಿ ಉಣ್ಣೆ ಬಟ್ಟೆಗಳ ಅಡಿಯಲ್ಲಿ ಇಟ್ಟ. ಹೆಂಡತಿಗೆ ಅದು ಎರಡೇ ದಿನದಲ್ಲಿ ಸಿಕ್ಕಿತು.

ಸ್ಟುಡಿಯೋದಲ್ಲಿ ಮೊದಮೊದಲು ಸೊಸೆ ಬೆರಳಿನಿಂದ ಮೇಜು ತಟ್ಟುತ್ತಿದ್ದಳು, ಅವನು ಗುಂಡಿ ತಿರುಗಿಸುತ್ತಿದ್ದ. ಆಮೇಲೆ ಗುಂಡಿಗಳ ಮೇಲೂ ಅವಳ ಕೈಯೇ ಬಂತು. ವರ್ಷ ತುಂಬುವುದರೊಳಗೆ ಅವನು ಕೈಕಟ್ಟಿ ಕೂತು "ಕಂಠ ಇನ್ನೊಂಚೂರು ಮುಂದೆ ಬರಲಿ" ಎನ್ನುವಷ್ಟಕ್ಕೆ ನಿಂತಿದ್ದ. ಮಿಕ್ಕದ್ದೆಲ್ಲ ಅವಳದು. ಬಂದವರು ಕೇಳಿದರೆ "ನಮ್ಮ ಸೊಸೆ, ಕಲೀತಿದ್ದಾಳೆ" ಎನ್ನುತ್ತಿದ್ದ. ಅವಳು ತಲೆಯೆತ್ತದೆ ಕೆಲಸ ಮುಂದುವರಿಸುತ್ತಿದ್ದಳು.

ಅದೇ ಗಾಯಕಿಯ ಒಂಬತ್ತು ಹಾಡಿನ ಆಲ್ಬಮ್ ತಯಾರಾದದ್ದು ಹೀಗೆ. ರಾಷ್ಟ್ರೀಯ ಸಂಗೀತ ಪ್ರಶಸ್ತಿಗೆ ಅದನ್ನು ಕಳಿಸುವಾಗ ಮಿಕ್ಸಿಂಗ್ ವಿಭಾಗದ ಅರ್ಜಿಯಲ್ಲಿ ಹೆಸರಿಗೆ ಎರಡು ಸಾಲು ಇತ್ತು. ಮೊದಲನೆಯದರಲ್ಲಿ ಕಿವಿಯಣ್ಣ ತನ್ನ ಹೆಸರು ಬರೆದ. ಎರಡನೆಯದರ ಮೇಲೆ ಉದ್ದಕ್ಕೆ ಗೀಟು ಎಳೆದ. ಅವಳಿಗೇನು, ಚಿಕ್ಕ ವಯಸ್ಸು, ಮುಂದೆ ಬೇಕಾದಷ್ಟು ಅವಕಾಶ ಬರುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಲಕೋಟೆಯನ್ನು ಅವಳು ಊಟಕ್ಕೆ ಹೋಗಿದ್ದಾಗ ಅಂಟಿಸಿದ.

ಅಂತಿಮ ಸುತ್ತಿಗೆ ಆಯ್ಕೆಯಾದ ಪತ್ರ ಮನೆಗೆ ಬಂದ ದಿನ ಹೆಂಡತಿ ಅದನ್ನು ಎರಡು ಸಲ ಓದಿದಳು.

"ಕಿವಿ ಹೋಯ್ತು, ಸರಿ. ಅದರ ಜೊತೆ ನಾಚಿಕೆನೂ ಹೋಯ್ತಾ?"

"ನಿನಗೆ ಈ ಕಸುಬು ಗೊತ್ತಾಗಲ್ಲ. ಸುಮ್ನಿರು."

"ಕಸುಬು ಗೊತ್ತಿಲ್ಲ. ಸೊಸೆ ಗೊತ್ತು."

ಈಜು ಕಲಿಸುವ ಕೆಲಸದ ಮಗ ಈ ನೀರಿಗೆ ಮಾತ್ರ ಇಳಿಯಲಿಲ್ಲ. ತಟ್ಟೆ ತೆಗೆದುಕೊಂಡು ಒಳಗೆ ಹೋದ. ಸೊಸೆ ಅಭಿನಂದನೆ ಹೇಳಿದಳು, ಮಾವನ ಕೋಟನ್ನು ತಾನೇ ಒಗೆಯಲು ಕೊಟ್ಟು ಬಂದಳು.

ಸಮಾರಂಭ ಎಂದರೆ ಜನ ಟಿವಿಯಲ್ಲಿ ನೋಡುವುದು ಸಂಜೆಯ ಭಾಗವನ್ನು: ಗಾಯಕರು, ಸಂಗೀತ ನಿರ್ದೇಶಕರು, ದೀಪ, ಕುಣಿತ. ಮಿಕ್ಸಿಂಗ್, ಮುಖಪುಟ ವಿನ್ಯಾಸದಂಥ ತಾಂತ್ರಿಕ ಪ್ರಶಸ್ತಿಗಳನ್ನು ಮಧ್ಯಾಹ್ನ ಎರಡು ಗಂಟೆಗೇ ಕೊಟ್ಟು ಮುಗಿಸುತ್ತಾರೆ. ಕಿವಿಯಣ್ಣ ಸೊಸೆಯೊಂದಿಗೆ ಸಭಾಂಗಣಕ್ಕೆ ಬಂದಾಗ ಕೆಲಸದವರು ಮೊಣಕಾಲೂರಿ ನೆಲಹಾಸಿಗೆ ಟೇಪು ಅಂಟಿಸುತ್ತಿದ್ದರು. ಮುಂದಿನ ಸಾಲುಗಳಲ್ಲಿ ಜನರ ಬದಲು ಸಂಜೆಯ ಗಣ್ಯರ ಹೆಸರಿನ ಚೀಟಿಗಳು ಕೂತಿದ್ದವು. ಇವರಿಗೆ ಹದಿನಾಲ್ಕನೆಯ ಸಾಲು.

ನಿರೂಪಕ ಲಕೋಟೆ ಒಡೆದು ಏನೋ ಹೇಳಿದ. ಅರೆಖಾಲಿ ಸಭಾಂಗಣದಲ್ಲಿ ಮಾತು ಗುಂಯ್‌ಗುಟ್ಟಿತೇ ಹೊರತು ಕಿವಿಯಣ್ಣನಿಗೆ ಒಂದು ಪದವೂ ಬಿಡಿಸಿ ಕೇಳಿಸಲಿಲ್ಲ. ಸುತ್ತಲಿನವರು ಚಪ್ಪಾಳೆ ತಟ್ಟಿದ್ದು ಕಂಡು ತಾನೂ ತಟ್ಟತೊಡಗಿದ.

ಸೊಸೆ ಮೊಣಕೈಯಿಂದ ತಿವಿದಳು. "ಮಾವ, ನಿಮಗೇ ಬಂದಿರೋದು. ಏಳಿ!"

ತನಗೇ ಚಪ್ಪಾಳೆ ತಟ್ಟಿಕೊಳ್ಳುತ್ತಾ ಅವನು ವೇದಿಕೆ ಹತ್ತಿದ. ಕಪ್ಪು ಕಲ್ಲಿನ ಮೇಲೆ ಹಿತ್ತಾಳೆಯ ಸುರುಳಿ ನಿಲ್ಲಿಸಿದ ಪ್ರಶಸ್ತಿ, ಕಣ್ಣಿಗೆ ಕಾಣುವುದಕ್ಕಿಂತ ಭಾರವಿತ್ತು. ಜೇಬಿನ ಚೀಟಿ ತೆಗೆದು ಓದಿದ. ಗಾಯಕಿಗೆ ಕೃತಜ್ಞತೆ, ಸ್ಟುಡಿಯೋ ಮಾಲೀಕರಿಗೆ ಕೃತಜ್ಞತೆ, ಕುಟುಂಬಕ್ಕೆ ಕೃತಜ್ಞತೆ. ಕುಟುಂಬ ಎನ್ನುವಾಗ ಹದಿನಾಲ್ಕನೆಯ ಸಾಲಿನ ಕಡೆ ನೋಡಿದ. ಸೊಸೆ ಫೋನಿನಲ್ಲಿ ಅವನ ಫೋಟೋ ತೆಗೆಯುತ್ತಿದ್ದಳು. ಇಳಿದು ಬಂದಾಗ "ಚೆನ್ನಾಗಿ ಮಾತಾಡಿದ್ರಿ" ಎಂದಳು.

ಹೊರಗಿನ ಪಡಸಾಲೆಯಲ್ಲಿ ಸಂಗೀತ ಪತ್ರಿಕೆಯ ವರದಿಗಾರನೊಬ್ಬ ಹಿಡಿದು ನಿಲ್ಲಿಸಿದ. "ಸರ್, ಮೂರನೇ ಹಾಡಲ್ಲಿ ಅವರು ಉಸಿರು ತಗೊಳ್ಳೋದು ಕೇಳುತ್ತೆ. ಸಾಮಾನ್ಯವಾಗಿ ಅದನ್ನ ಅಳಿಸಿಬಿಡ್ತಾರೆ. ನೀವ್ಯಾಕೆ ಬಿಟ್ರಿ?"

ಕಿವಿಯಣ್ಣನಿಗೆ ಆ ಉಸಿರು ಇದೆಯೆಂಬುದೇ ಗೊತ್ತಿರಲಿಲ್ಲ. ಅವನು ಬಾಯಿ ತೆರೆಯುವಷ್ಟರಲ್ಲಿ ಸೊಸೆ ಉತ್ಸಾಹದಿಂದ ಹೇಳಿಬಿಟ್ಟಳು. "ಅಳಿಸಿ ನೋಡಿದೆ, ಹಾಡೇ ಸತ್ತ ಹಾಗಾಯ್ತು. ಅದಕ್ಕೆ ನಾನು—" ಅಲ್ಲಿಗೆ ನಾಲಿಗೆ ಕಚ್ಚಿಕೊಂಡಳು. "ಅಂದ್ರೆ, ಮಾವ. ಮಾವನೇ ಬಿಡೋಣ ಅಂದ್ರು."

ಅವಳ ಮುಖದ ಕಳೆ ಬತ್ತಿದ್ದನ್ನು ಕಿವಿಯಣ್ಣ ಕಂಡ. ಅರ್ಜಿಯ ಗೀಟು ಎಳೆದಾಗ ಆಗದ ನೋವು ಈಗ ಆಯಿತು. ತನ್ನದೇ ಕೆಲಸದ ಬಗ್ಗೆ ಬಾಯಿತಪ್ಪಿ ನಿಜ ಹೇಳಿ, ಕಳ್ಳಿಯಂತೆ ತಿದ್ದಿಕೊಳ್ಳುವ ಗತಿಯನ್ನು ಈ ಹುಡುಗಿಗೆ ತಂದಿಟ್ಟವನು ತಾನೇ.

"ನಾನೇನೂ ಹೇಳಲಿಲ್ಲ," ಎಂದ. "ಅವಳೇ ಮಾಡಿದ್ದು. ಉಸಿರಷ್ಟೇ ಅಲ್ಲ, ಒಂಬತ್ತು ಹಾಡೂ."

ವರದಿಗಾರ ನಕ್ಕ. "ದೊಡ್ಡವರು ಹೀಗೇ ಹೇಳ್ತೀರಿ, ಸರ್."

ಇದು ಬಾಯಿಮಾತಲ್ಲಿ ತೀರುವುದಲ್ಲ ಎಂದು ಕಿವಿಯಣ್ಣನಿಗೆ ಅರ್ಥವಾಯಿತು. ಪ್ರಶಸ್ತಿಯನ್ನು ಕಂಕುಳಲ್ಲಿ ಅವುಚಿಕೊಂಡು ನೇರ ಪ್ರಶಸ್ತಿ ಸಮಿತಿಯ ಕಾರ್ಯದರ್ಶಿಯ ಕೋಣೆಗೆ ನಡೆದ. ಆಕೆ ಸಂಜೆಯ ಕಾರ್ಯಕ್ರಮ ಪಟ್ಟಿಯಲ್ಲಿ ಮುಳುಗಿದ್ದರು. ಇವನು ಹೇಳಿದ್ದನ್ನು ಪೂರ್ತಿ ಕೇಳಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಕಿವಿಯಣ್ಣಾ, ಇದನ್ನ ಈಗ ಹೇಳ್ತಿದ್ದೀರಾ?"

"ಮೊದಲೇ ಹೇಳಬೇಕಿತ್ತು. ತಪ್ಪಾಯ್ತು."

"ಹೆಸರು ಸೇರಿಸೋಕೆ ನಿಯಮ ಇದೆ. ಆದರೆ ಯಾರು ಏನು ಮಾಡಿದ್ರು, ಯಾಕೆ ಬಿಟ್ಟುಹೋಯ್ತು ಅಂತ ನೀವು ಲಿಖಿತವಾಗಿ ಕೊಡಬೇಕು. ಅದು ಸಮಿತಿಯ ಮುಂದೆ ಹೋಗುತ್ತೆ. ಹತ್ತು ಜನ ಓದ್ತಾರೆ. ಆಮೇಲೆ ಗುಟ್ಟಾಗಿ ಉಳಿಯಲ್ಲ, ನೋಡಿ."

ಅವನು ಅಲ್ಲೇ ಕೂತು ಬರೆದ. 'ನನಗೆ ಎರಡು ವರ್ಷಗಳಿಂದ ಮೇಲಿನ ಸ್ವರಗಳು ಕೇಳಿಸುವುದಿಲ್ಲ' ಎಂದು ಶುರುಮಾಡಿದ. ಆ ಒಂದು ವಾಕ್ಯ ಬರೆಯಲು ಹಿಡಿದಷ್ಟು ಹೊತ್ತು ಉಳಿದ ಪುಟಕ್ಕೆ ಹಿಡಿಯಲಿಲ್ಲ.

ಕಾಗದ ಕೊಟ್ಟು ಹೊರಬಂದಾಗ ಸೊಸೆ ಗೋಡೆಗೊರಗಿ ನಿಂತಿದ್ದಳು. ಬಾಗಿಲು ತೆರೆದೇ ಇತ್ತು, ಎಲ್ಲ ಕೇಳಿಸಿಕೊಂಡಿದ್ದಳು. ಕಣ್ಣು ಕೆಂಪಾಗಿತ್ತು. ಸಂತೋಷಕ್ಕೆ ಎಂದುಕೊಂಡ ಅವನು.

"ಯಾರನ್ನ ಕೇಳಿ ಬರೆದುಕೊಟ್ರಿ?" ಎಂದಳು.

"ನಿನ್ನ ಹೆಸರು ಬರಲಿ ಅಂತ—"

"ಅರ್ಜಿ ಬರೆಯೋವಾಗಲೂ ನನ್ನನ್ನ ಕೇಳಲಿಲ್ಲ, ಈಗಲೂ ಕೇಳಲಿಲ್ಲ. ಆವತ್ತು ಬರೆದಿದ್ರೆ ಅದು ನನ್ನ ಹೆಸರು. ಈಗ ನೀವು ಕೊಟ್ಟ ಭಿಕ್ಷೆ. ಕಿವಿ ಹೋದ ಮುದುಕನನ್ನ ಬೀದಿಗೆಳೆದಳು ಅಂತ ನಾಳೆ ನನ್ನನ್ನೇ ಆಡ್ಕೋತಾರೆ."

ಅವಳ ಮಾತು ಒಂದೊಂದೂ ಸರಿಯಾಗಿತ್ತು. "ಹರಿದು ಹಾಕಿ ಬರಲಾ?" ಎಂದು ಕೇಳಿದ.

ಅವಳು ಮೂಗೊರೆಸಿಕೊಂಡು ಯೋಚಿಸಿದಳು. "ಬೇಡ. ಬರೆದದ್ದು ನಿಜಾನೇ ಅಲ್ವಾ. ಇರಲಿ. ಆದ್ರೆ ಇನ್ನು ಮುಂದೆ ನಾನು ಮಾಡಿದ ಕೆಲಸಕ್ಕೆ ನನ್ನ ಹೆಸರು ಒಂದೇ. ಪಕ್ಕದಲ್ಲಿ ನಿಮ್ಮದು ಬೇಡ. ಕಲೀತಿದ್ದಾಳೆ ಅಂತ ಯಾರ ಹತ್ರಾನೂ ಹೇಳಬಾರದು."

"ಇಲ್ಲ, ಹೇಳಲ್ಲ."

ಸಂಜೆ ಗಾಯಕಿಗೆ ವರ್ಷದ ಅತ್ಯುತ್ತಮ ಆಲ್ಬಮ್ ಪ್ರಶಸ್ತಿ ಬಂತು. ಅವಳು ಇಪ್ಪತ್ತು ಜನರ ಹೆಸರು ಹೇಳಿದಳು, ಕಿವಿಯಣ್ಣನದೂ ಇತ್ತಂತೆ. ಮಾವ ಸೊಸೆ ಅಷ್ಟರಲ್ಲಿ ಬಸ್ಸು ಹತ್ತಿ ಆಗಿತ್ತು. ಒಂದೇ ಸೀಟಿನಲ್ಲಿ ಕೂತರೂ ಮನೆ ಬರುವ ತನಕ ಅವಳು ಕಿಟಕಿಯಾಚೆಯೇ ನೋಡುತ್ತಿದ್ದಳು.

ಸಮಿತಿ ಒಪ್ಪಿತು. ಆರು ವಾರದ ಮೇಲೆ ಅವಳ ಹೆಸರಿನ ಪ್ರಮಾಣಪತ್ರ ಅಂಚೆಯಲ್ಲಿ ಬಂತು. ಅಷ್ಟರೊಳಗೆ ಸುದ್ದಿ ಕಸುಬಿನಲ್ಲೆಲ್ಲ ಹಬ್ಬಿತ್ತು. ಹಳೆಯ ಸಂಗೀತ ನಿರ್ದೇಶಕರಿಬ್ಬರು ತಮ್ಮ ಕೆಲಸವನ್ನು ಬೇರೆ ಕಡೆ ಒಯ್ದರು. ಒಬ್ಬರಂತೂ "ಎರಡು ವರ್ಷ ನನಗೆ ಟೋಪಿ ಹಾಕಿದ್ಯಲ್ಲೋ" ಎಂದು ಫೋನಿನಲ್ಲೇ ಕೂಗಾಡಿದರು. ಗಾಯಕಿ ಮಾತ್ರ ಮುಂದಿನ ಆಲ್ಬಮ್ ಹಿಡಿದು ಬಂದು, ನೇರ ಸೊಸೆಯನ್ನೇ ಕೇಳಿದಳು. ಮಾಲೀಕರು ಯೋಚನೆ ಮಾಡಿ ದೊಡ್ಡ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟರು.

ಆ ಆಲ್ಬಮ್ಮಿನ ಮೊದಲ ದಿನ ಅಭ್ಯಾಸಬಲದಿಂದ ಕಿವಿಯಣ್ಣ ಅವಳ ಪಕ್ಕದ ಕುರ್ಚಿಗೆ ಹೋಗಿ ಕೂತ. ಅರ್ಧ ಗಂಟೆಯಾದ ಮೇಲೆ ಅವಳು ಹಾಡು ನಿಲ್ಲಿಸಿದಳು.

"ಮಾವ, ತಪ್ಪು ತಿಳೀಬೇಡಿ. ನೀವು ಪಕ್ಕದಲ್ಲಿದ್ರೆ ನಿಮ್ಮ ಮುಖ ನೋಡ್ಕೊಂಡೇ ಮಾಡ್ತೀನಿ. ನನ್ನ ಕಿವಿ ಕೆಲಸ ಮಾಡಲ್ಲ."

ಅವನು "ಅದೂ ಸರಿ" ಎಂದು ಎದ್ದ. ಆಚೆ ಮುದ್ರಣದ ಕೋಣೆಯಲ್ಲಿ ಪಿಟೀಲಿನವರು ಬಂದು ಕಾಯುತ್ತಿದ್ದರು. ಮೈಕುಗಳನ್ನು ಎಲ್ಲಿ ನಿಲ್ಲಿಸಬೇಕು, ಎಷ್ಟು ಓರೆ ಮಾಡಬೇಕು ಎಂಬುದಕ್ಕೆ ಕಣ್ಣೂ ಅನುಭವವೂ ಇದ್ದರೆ ಸಾಕು. ಅದು ಅವನಲ್ಲಿ ಬೇಕಾದಷ್ಟಿತ್ತು. ಬೀರು ತೆರೆದು ಎರಡು ಮೈಕು ಆರಿಸಿಕೊಂಡು, ಮುಂದಿನ ಸಾಲಿನವರಿಗೆ ಕುರ್ಚಿಗಳನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಳ್ಳಲು ಹೇಳಿದ.